ಮುಂದಿನ ಚಕ್ರಕ್ಕೆ ಒಂದು ಸುತ್ತು ಹೆಚ್ಚು

ಯಲಹಂಕದ ರೈಲು ಗಾಲಿ ಕಾರ್ಖಾನೆ 1984ರಿಂದ ಭಾರತೀಯ ರೈಲ್ವೆಗೆ ಗಾಲಿಗಳನ್ನು ಎರಕ ಹೊಯ್ದು ಕೊಡುತ್ತಿದೆ. ಗುಜರಿ ಉಕ್ಕನ್ನು ಕರಗಿಸಿ ಅಲ್ಲಿ ಗಾಲಿ ಮಾಡುತ್ತಾರೆ, ಅಚ್ಚನ್ನೂ (ಆಕ್ಸಲ್) ಬೇರೆಯಾಗಿ ಮಾಡುತ್ತಾರೆ, ಒಂದು ಅಚ್ಚಿನ ಎರಡೂ ತುದಿಗೆ ಗಾಲಿಗಳನ್ನು ಒತ್ತಿ ಕೂರಿಸುತ್ತಾರೆ. ಹಾಗೆ ಕೂತ ಮೇಲೆ ಒಂದು ಗಾಲಿ ಎಷ್ಟು ಸುತ್ತು ತಿರುಗುತ್ತದೋ ಇನ್ನೊಂದೂ ಅಷ್ಟೇ ತಿರುಗಬೇಕು. ಹಳಿ ಬಾಗಿದ ಕಡೆ ಹೊರಗಿನ ಗಾಲಿಗೆ ಹೆಚ್ಚು ದೂರ, ಒಳಗಿನದಕ್ಕೆ ಕಡಿಮೆ. ಇದನ್ನು ಸರಿದೂಗಿಸಲು ಗಾಲಿಯ ಅಂಚನ್ನು ಸಪಾಟಾಗಿ ಮಾಡದೆ 20ಕ್ಕೆ 1ರಂತೆ ಓರೆಯಾಗಿ ಕಡೆಯುತ್ತಾರೆ. ತಿರುವಿನಲ್ಲಿ ಜೋಡಿಗಾಲಿ ಸ್ವಲ್ಪ ಹೊರಕ್ಕೆ ಸರಿಯುತ್ತದೆ. ಹೊರಗಿನ ಗಾಲಿ ತನ್ನ ದಪ್ಪ ಭಾಗದ ಮೇಲೆ, ಒಳಗಿನದು ಸಣ್ಣ ಭಾಗದ ಮೇಲೆ ಓಡುತ್ತದೆ. ಸುತ್ತು ಒಂದೇ, ದೂರ ಬೇರೆ. ತಿರುವು ತೀರಾ ಬಿಗಿಯಾದರೆ ಈ ಉಪಾಯವೂ ಸಾಲದೆ ಗಾಲಿ ಹಳಿಯ ಮೇಲೆ ಉಜ್ಜುತ್ತದೆ. ರೈಲು ತಿರುಗುವಾಗ ಕೇಳುವ ಆ ಕೀರಲು ಸದ್ದು ಅಲ್ಲಿಂದಲೇ ಬರುವುದು.

ನಮ್ಮ ಎತ್ತಿನ ಗಾಡಿ ಇದೇ ತೊಡಕನ್ನು ಇನ್ನೊಂದು ರೀತಿಯಲ್ಲಿ ಬಿಡಿಸಿಕೊಂಡಿತ್ತು. ಅದರ ಅಚ್ಚು ತಿರುಗುವುದೇ ಇಲ್ಲ. ಕಡೆಗೀಲಿನ ಆಸರೆಯಲ್ಲಿ ಎರಡು ಚಕ್ರಗಳೂ ತಮ್ಮ ಪಾಡಿಗೆ ತಾವು ತಿರುಗುತ್ತವೆ. ಎಳೆಯುವುದು ಎತ್ತು, ಚಕ್ರ ಬರೀ ಉರುಳುತ್ತದೆ.

ಚಕ್ರವೇ ಗಾಡಿಯನ್ನು ತಳ್ಳಬೇಕಾದಾಗ ಕಷ್ಟ ಶುರುವಾಗುತ್ತದೆ. ಎಂಜಿನ್ನಿನ ಬಲ ಎರಡೂ ಚಕ್ರಕ್ಕೆ ಹೋಗಬೇಕು, ಆದರೆ ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗುವ ಸ್ವಾತಂತ್ರ್ಯವೂ ಇರಬೇಕು. 1820ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಗಡಿಯಾರ ತಯಾರಕ ಒನೆಸಿಫೋರ್ ಪೆಕ್ಯೂರ್ ಉಗಿಬಂಡಿಗೆಂದು ರೂಪಿಸಿದ ಹಲ್ಲುಚಕ್ರಗಳ ಜೋಡಣೆ ಇದಕ್ಕೆ ಉತ್ತರ. ಅದೇ ಡಿಫರೆನ್ಶಿಯಲ್. ಯಶವಂತಪುರದ ಎಪಿಎಂಸಿ ಯಾರ್ಡಿನಿಂದ ಈರುಳ್ಳಿ, ಆಲೂಗಡ್ಡೆ ಹೊತ್ತು ಹೊರಡುವ ಬೊಲೆರೊ ಪಿಕಪ್ಪಿನ ಹಿಂಭಾಗದಲ್ಲಿ ಬಗ್ಗಿ ನೋಡಿ. ಎರಡು ಚಕ್ರಗಳ ನಡುವೆ ಕುಂಬಳಕಾಯಿಯಷ್ಟು ಗಾತ್ರದ ಕಬ್ಬಿಣದ ಉಬ್ಬೊಂದು ಕಾಣುತ್ತದೆ. ಗ್ಯಾರೇಜಿನವರು ಅದನ್ನು ಹೌಸಿಂಗ್ ಎನ್ನುತ್ತಾರೆ. ಕ್ರೌನ್, ಪಿನಿಯನ್ ಎಂಬ ಹಲ್ಲುಚಕ್ರಗಳು ಮತ್ತು ಡಿಫರೆನ್ಶಿಯಲ್ ಇರುವುದು ಅದರೊಳಗೆ.

ಉತ್ತರ ಬೆಂಗಳೂರಿನಲ್ಲಿ ಈಗ ಎರಡು ಬಗೆಯ ಪಿಕಪ್ಪುಗಳಿವೆ. ಒಂದು ಯಾರ್ಡಿನದು, ಬಹುಪಾಲು ಹಿಂದಿನ ಚಕ್ರದಿಂದಷ್ಟೇ ಓಡುವಂಥದ್ದು. ಇನ್ನೊಂದು ಈಚಿನ ಹತ್ತು ವರ್ಷಗಳಲ್ಲಿ ಬಂದದ್ದು: 2016ರಲ್ಲಿ ಮಾರುಕಟ್ಟೆಗೆ ಇಳಿದ ಇಸುಜು ವಿ-ಕ್ರಾಸ್, 2022ರಲ್ಲಿ ಬಂದ, ನಮ್ಮ ಬಿಡದಿಯಲ್ಲೇ ಜೋಡಣೆಯಾಗುವ ಟೊಯೋಟಾ ಹೈಲಕ್ಸ್. ನಾಲ್ಕು ಬಾಗಿಲು, ಹಿಂದೆ ತೆರೆದ ತೊಟ್ಟಿ, ನಾಲ್ಕೂ ಚಕ್ರಕ್ಕೆ ಬಲ. ಆರ್.ಟಿ. ನಗರದ ಗಲ್ಲಿಗಳಲ್ಲಿ ನಿಲ್ಲಿಸಲು ಜಾಗ ಸಾಲದ ಈ ಗಾಡಿಗಳನ್ನು ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ತೋಟವಿರುವವರು ಕೊಳ್ಳುತ್ತಾರೆ, ಬೆಟ್ಟಗುಡ್ಡದ ಹಾದಿಯ ಆಸೆ ಇರುವವರೂ ಕೊಳ್ಳುತ್ತಾರೆ. ಕೊಂಡ ಮೇಲೆ ಅವರಲ್ಲಿ ಹಲವರು ಕೇಳುವ ಮೊದಲ ಪ್ರಶ್ನೆ ಒಂದೇ: ಫೋರ್‌ವೀಲ್ ಹಾಕಿದಾಗ ಗಾಡಿ ಯಾಕೆ ತಡವರಿಸುತ್ತದೆ?

ಇದಕ್ಕೆ ಲೆಕ್ಕ ಹಾಕಿಯೇ ಉತ್ತರ ಕೊಡಬೇಕು.

ಹೈಲಕ್ಸಿನ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ 3085 ಮಿಲಿಮೀಟರ್ ದೂರವಿದೆ, ಅಂದರೆ ಮೂರು ಮೀಟರಿಗಿಂತ ಸ್ವಲ್ಪ ಹೆಚ್ಚು. ಹೆಬ್ಬಾಳದ ಆಚೆ ಎಲ್ಲೋ ಒಂದು ಕಡೆ ನೀವು ಯು-ಟರ್ನ್ ತೆಗೆದುಕೊಳ್ಳುತ್ತೀರಿ ಎನ್ನಿ. ಹಿಂದಿನ ಅಚ್ಚಿನ ನಡುಭಾಗ ಐದೂವರೆ ಮೀಟರ್ ತ್ರಿಜ್ಯದ ಅರ್ಧವೃತ್ತದಲ್ಲಿ ಸಾಗಿದರೆ ಅದು ಕ್ರಮಿಸುವುದು ಸುಮಾರು 17.3 ಮೀಟರ್. ಮುಂದಿನ ಅಚ್ಚು ಯಾವಾಗಲೂ ಅದಕ್ಕಿಂತ ದೊಡ್ಡ ವೃತ್ತದಲ್ಲಿ ಹೋಗುತ್ತದೆ. ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜದ ಸೂತ್ರ ಹಾಕಿದರೆ ಅದರ ತ್ರಿಜ್ಯ 6.3 ಮೀಟರ್, ದೂರ 19.8 ಮೀಟರ್. ವ್ಯತ್ಯಾಸ ಎರಡೂವರೆ ಮೀಟರ್. ಈ ಗಾಡಿಯ ಟೈರಿನ ಸುತ್ತಳತೆಯೂ ಹೆಚ್ಚುಕಡಿಮೆ ಅಷ್ಟೇ, 2.4 ಮೀಟರ್. ಅಂದರೆ ಒಂದು ಯು-ಟರ್ನ್ ಮುಗಿಯುವಷ್ಟರಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಸರಾಸರಿ ಒಂದು ಸುತ್ತು ಹೆಚ್ಚು ತಿರುಗಿರಬೇಕು.

ಎರಡೇ ಚಕ್ರಕ್ಕೆ ಬಲವಿರುವಾಗ, ಅಂದರೆ ಎಚ್2 ಸ್ಥಿತಿಯಲ್ಲಿ, ಮುಂದಿನ ಚಕ್ರಗಳು ಎತ್ತಿನ ಗಾಡಿಯವುಗಳಂತೆ ಬಿಡಿಬಿಡಿಯಾಗಿ ಉರುಳುತ್ತವೆ. ಆ ಹೆಚ್ಚಿನ ಒಂದು ಸುತ್ತು ಯಾರಿಗೂ ಗೊತ್ತಾಗದೆ ಮುಗಿದುಹೋಗುತ್ತದೆ. ಡಯಲ್ಲನ್ನು ಎಚ್4ಕ್ಕೆ ತಿರುಗಿಸಿದರೆ ಗೇರ್‌ಬಾಕ್ಸಿನ ಹಿಂದಿರುವ ಟ್ರಾನ್ಸ್‌ಫರ್ ಕೇಸ್ ಮುಂದಿನ ಶಾಫ್ಟನ್ನು ಹಿಂದಿನ ಶಾಫ್ಟಿಗೆ ಬಿಗಿದುಬಿಡುತ್ತದೆ. ಎಡಬಲ ಚಕ್ರಗಳ ನಡುವೆ ಡಿಫರೆನ್ಶಿಯಲ್ ಇದ್ದೇ ಇದೆ. ಮುಂದು ಹಿಂದಿನ ನಡುವೆ ಇಲ್ಲ. ಈಗ ಮುಂದಿನ ಶಾಫ್ಟು ಹಿಂದಿನದರಷ್ಟೇ ತಿರುಗಬಲ್ಲದು, ಒಂದು ಹಲ್ಲಿನಷ್ಟೂ ಹೆಚ್ಚಿಲ್ಲ. ಯಲಹಂಕದ ಜೋಡಿಗಾಲಿಯ ಬಿಗಿತವೇ ಇಲ್ಲೂ ಬಂತು, ಓರೆ ಕಡೆದ ಅಂಚಿನ ಉಪಾಯ ಮಾತ್ರ ಇಲ್ಲ.

ಹಾಗಾದರೆ ಆ ಒಂದು ಸುತ್ತು ಎಲ್ಲಿಗೆ ಹೋಗಬೇಕು? ಕೆಸರಿನಲ್ಲಿ, ಮರಳಿನಲ್ಲಿ, ಜಲ್ಲಿಯ ಮೇಲೆ ಟೈರು ಸ್ವಲ್ಪ ಜಾರುತ್ತದೆ, ಲೆಕ್ಕ ಸರಿಹೋಗುತ್ತದೆ. ಒಣ ಡಾಂಬರು, ಕಾಂಕ್ರೀಟು ಹಾಗೆ ಜಾರಲು ಬಿಡುವುದಿಲ್ಲ. ಶಾಫ್ಟುಗಳು, ಕ್ರಾಸ್ ಜಾಯಿಂಟುಗಳು, ಹಲ್ಲುಚಕ್ರಗಳು ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತವೆ. ಸ್ಟೀರಿಂಗ್ ಭಾರವಾಗುತ್ತದೆ, ಗಾಡಿ ಬ್ರೇಕ್ ಹಿಡಿದಂತೆ ಮುಗ್ಗರಿಸುತ್ತದೆ, ಕಡೆಗೆ ಯಾವುದೋ ಒಂದು ಟೈರು ಕಿರ್ರೆಂದು ಜಾರಿ ಒತ್ತಡ ಇಳಿಸುತ್ತದೆ. ಟೈರು ಜಾರದಿದ್ದರೆ ಒಳಗಿನ ಯಾವುದೋ ಭಾಗ ಸೋಲುತ್ತದೆ.

ಆರ್.ಟಿ. ನಗರದ ಒಂದು ಗ್ಯಾರೇಜಿನಲ್ಲಿ ಇಂಥದ್ದೊಂದು ಗಾಡಿಯನ್ನು ನಾನು ಕಂಡಿದ್ದೇನೆ. ಮಾಲೀಕರು ಮಳೆಗಾಲದಲ್ಲಿ ಹಿಡಿತ ಹೆಚ್ಚಲೆಂದು ಎರಡು ತಿಂಗಳು ಎಚ್4ರಲ್ಲೇ ನಗರದೊಳಗೆ ಓಡಿಸಿದ್ದರು. ಈಗ ಅದು ಎಚ್2ಕ್ಕೆ ಬರಲು ಒಪ್ಪುತ್ತಿರಲಿಲ್ಲ, ಫೋರ್‌ವೀಲ್ ದೀಪ ಮಿನುಗುತ್ತಲೇ ಇತ್ತು. ಮೇಸ್ತ್ರಿ ಪಾನಾ ಕೈಗೆತ್ತಿಕೊಳ್ಳಲೇ ಇಲ್ಲ. "ಸಾರ್, ಏನೂ ಮುರಿದಿಲ್ಲ, ಒಳಗೆ ತಿರುಚ್ಕೊಂಡು ಕೂತಿದೆ ಅಷ್ಟೆ. ಸ್ಟೀರಿಂಗ್ ನೆಟ್ಟಗೆ ಹಿಡ್ಕೊಂಡು ನಿಧಾನಕ್ಕೆ ಹಿಂದಕ್ಕೆ ತಗೊಳ್ಳಿ" ಎಂದರು. ನಾಲ್ಕೈದು ಮೀಟರ್ ಹಿಂದೆ ಹೋಗುವಷ್ಟರಲ್ಲಿ ಅಡಿಯಿಂದ ಟಣ್ಣೆಂದು ಸದ್ದು ಬಂತು, ದೀಪ ಆರಿತು. ತಿರುಚಿದ ಶಾಫ್ಟುಗಳು ಬಿಚ್ಚಿಕೊಂಡ ಕೂಡಲೆ ಹಲ್ಲುಗಳ ಮೇಲಿನ ಒತ್ತಡ ಇಳಿದು, ಎರಡು ಶಾಫ್ಟುಗಳನ್ನು ಬಿಗಿದಿದ್ದ ಜಾರುತೋಳು (ಸ್ಲೀವ್) ತನ್ನ ಜಾಗಕ್ಕೆ ಬಂದಿತ್ತು. ಆದರೆ ನಾಲ್ಕೂ ಟೈರುಗಳ ಅಂಚುಗಳು ಅರದಿಂದ ಉಜ್ಜಿದಂತೆ ಸವೆದಿದ್ದವು.

ಇದಕ್ಕೆ ನೇರ ವಿರುದ್ಧವಾದ ಕಾಯಿಲೆಯೂ ಇದೆ. ಮಲೆನಾಡಿನ ಕಾಫಿ ತೋಟಗಳ ಹಳೆಯ ಜೀಪುಗಳಲ್ಲಿ ಫೋರ್‌ವೀಲ್ ಎಂದರೆ ಒಂದು ಕಬ್ಬಿಣದ ದಂಡ, ಅದು ನೇರವಾಗಿ ಗೇರನ್ನೇ ತಳ್ಳುತ್ತಿತ್ತು. ಈಗಿನ ಪಿಕಪ್ಪಿನಲ್ಲಿ ಡಯಲ್ ತಿರುಗಿಸಿದರೆ ಒಂದು ಪುಟ್ಟ ವಿದ್ಯುತ್ ಮೋಟಾರು ಆ ಕೆಲಸ ಮಾಡುತ್ತದೆ. ವರ್ಷಗಟ್ಟಲೆ ಬರೀ ಬಳ್ಳಾರಿ ರಸ್ತೆಯಲ್ಲಿ ಓಡಿದ ಗಾಡಿಯ ಆ ಮೋಟಾರು ತುಕ್ಕು, ಧೂಳು, ಒಣಗಿದ ಗ್ರೀಸಿನಿಂದ ಹಿಡಿದುಕೊಳ್ಳುತ್ತದೆ. ಬೇಕಾದ ದಿನ ಕೆಲಸ ಮಾಡುವುದಿಲ್ಲ. ಮುಂದಿನ ಅಚ್ಚಿನೊಳಗೆ ಎಣ್ಣೆ ಕೆಳಗೇ ನಿಂತು ಮೇಲಿನ ಹಲ್ಲುಗಳು ಒಣಗುತ್ತವೆ. ಅದಕ್ಕಾಗಿಯೇ ತಿಂಗಳಿಗೆ ಕನಿಷ್ಠ 16 ಕಿಲೋಮೀಟರ್ ನಾಲ್ಕು ಚಕ್ರದ ಬಲದಲ್ಲಿ ಓಡಿಸಿ ಎಂದು ಟೊಯೋಟಾ ತನ್ನ ಇಂಥ ಗಾಡಿಗಳ ಕೈಪಿಡಿಯಲ್ಲಿ ಬರೆದಿದೆ. ಬಳಸಿದರೆ ಸವೆತ, ಬಳಸದಿದ್ದರೆ ತುಕ್ಕು. ಯಂತ್ರಕ್ಕೆ ಎರಡನೆಯದೇ ಹೆಚ್ಚು ಅಪಾಯ ಎಂಬುದು ನನ್ನ ಅನುಭವ.

ಇನ್ನು ಯಾರ್ಡಿನ ಪಿಕಪ್ಪಿಗೆ ಬರೋಣ. ಅದರ ಕಷ್ಟ ಬೇರೆ. ಸರಕು ಇಳಿಸಿ ಬರಿಗಾಡಿಯಲ್ಲಿ ಹೊಲಕ್ಕೆ ಹೋದಾಗ ಮಳೆಯಲ್ಲಿ ನೆನೆದ ಕೆಂಪು ಮಣ್ಣಿನಲ್ಲಿ ಒಂದು ಹಿಂದಿನ ಚಕ್ರ ಗಿರಗಿರನೆ ಸುತ್ತುತ್ತದೆ, ಪಕ್ಕದ್ದು ಗಟ್ಟಿ ನೆಲದ ಮೇಲಿದ್ದೂ ಕದಲುವುದಿಲ್ಲ. ನೋಡುವವರಿಗೆ ಇದು ಅನ್ಯಾಯ ಎನಿಸುತ್ತದೆ. ಕಾರಣ ಡಿಫರೆನ್ಶಿಯಲ್ಲಿನ ಸ್ವಭಾವದಲ್ಲೇ ಇದೆ. ಅದು ಎರಡೂ ಚಕ್ರಕ್ಕೆ ಸಮನಾಗಿ ಬಲ ಹಂಚುತ್ತದೆ, ಆದ್ದರಿಂದ ದುರ್ಬಲ ಚಕ್ರ ತಾಳುವಷ್ಟೇ ಬಲವಾದ ಚಕ್ರಕ್ಕೂ ಸಿಗುತ್ತದೆ. ಕೆಸರಿನಲ್ಲಿರುವ ಚಕ್ರ 50 ಕಿಲೋ ತಳ್ಳಬಲ್ಲದು, ಗಟ್ಟಿ ನೆಲದ ಮೇಲಿನದು 400 ಕಿಲೋ ತಳ್ಳಬಲ್ಲದು ಎನ್ನಿ. ಒಟ್ಟು ಸಿಗುವುದು 450 ಅಲ್ಲ, 50 ಮತ್ತು 50 ಸೇರಿ 100 ಮಾತ್ರ. ಡಾಂಬರಿನ ತಿರುವಿನಲ್ಲಿ ಟೈರನ್ನು ಕಾಪಾಡಿದ ಗುಣವೇ ಕೆಸರಿನಲ್ಲಿ ಗಾಡಿಯನ್ನು ಹೂಳುತ್ತದೆ.

ರೈತರಿಗೆ ಇದರ ಪರಿಹಾರ ಎಂದಿನಿಂದಲೂ ಗೊತ್ತು. ಟ್ರಾಕ್ಟರಿನ ಚಾಲಕನ ಹಿಮ್ಮಡಿಯ ಹತ್ತಿರ ಒಂದು ಪೆಡಲ್ ಇರುತ್ತದೆ. ಒಂದು ಚಕ್ರ ಸುತ್ತಲು ಶುರುವಾದಾಗ ಅದನ್ನು ಒತ್ತಿದರೆ ಎರಡೂ ಚಕ್ರ ಬಿಗಿದುಕೊಂಡು ಒಟ್ಟಿಗೆ ತಿರುಗುತ್ತವೆ, ಗಾಡಿ ಮೇಲೇಳುತ್ತದೆ. ಜಿಕೆವಿಕೆಯ ಕೃಷಿ ಮೇಳಕ್ಕೆ ಹೋದಾಗ ಟ್ರಾಕ್ಟರ್ ಮಾರುವವರನ್ನು ಕೇಳಿ, ಮೊದಲು ತೋರಿಸುವ ಭಾಗಗಳಲ್ಲಿ ಇದೂ ಒಂದು. ಹೈಲಕ್ಸಿನಲ್ಲಿ ಅದೇ ಕೆಲಸಕ್ಕೆ ಒಂದು ಗುಂಡಿ ಇದೆ. ಅದನ್ನು ಒತ್ತಿದಾಗ ಕೆಲವು ಗಾಡಿಗಳಲ್ಲಿ ಎಬಿಎಸ್ ದೀಪ, ಜಾರು ನಿಯಂತ್ರಣದ ದೀಪ ಹೊತ್ತಿಕೊಂಡು ಮಾಲೀಕರು ಗಾಬರಿಯಾಗುತ್ತಾರೆ. ಕೆಟ್ಟದ್ದೇನೂ ಆಗಿಲ್ಲ. ಎರಡು ಚಕ್ರಗಳನ್ನು ಒಂದಕ್ಕೊಂದು ಬಿಗಿದ ಮೇಲೆ ಪ್ರತಿ ಚಕ್ರವನ್ನು ಬೇರೆ ಬೇರೆಯಾಗಿ ಹಿಡಿದು ಬಿಡುವ ಬ್ರೇಕಿನ ಗಣಕಕ್ಕೆ ಕೆಲಸವಿರುವುದಿಲ್ಲ, ಆದ್ದರಿಂದ ಅದು ಪಕ್ಕಕ್ಕೆ ಸರಿಯುತ್ತದೆ.

ಮಹೀಂದ್ರ ಥಾರ್‌ನಲ್ಲಿ ಬರುವ ಈಟನ್ ಕಂಪನಿಯ ಲಾಕ್ ಇದಕ್ಕಿಂತ ಸೊಗಸಾದ ವಿನ್ಯಾಸ ಎಂದು ನನಗನಿಸುತ್ತದೆ. ಅದಕ್ಕೆ ಗುಂಡಿಯೂ ಇಲ್ಲ, ತಂತಿಯೂ ಇಲ್ಲ. ಎರಡು ಚಕ್ರಗಳ ನಡುವೆ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದರೆ ಒಳಗಿನ ಪುಟ್ಟ ತೂಕಗಳು ಸುತ್ತುವ ರಭಸಕ್ಕೆ ಹೊರಚಿಮ್ಮಿ ಒಂದು ಕೊಂಡಿಯನ್ನು ಹಿಡಿಯುತ್ತವೆ, ಅಚ್ಚು ಬಿಗಿದುಕೊಳ್ಳುತ್ತದೆ. ಗಾಡಿ ಗಂಟೆಗೆ ಮೂವತ್ತು ಕಿಲೋಮೀಟರಿನ ಆಸುಪಾಸನ್ನು ದಾಟಿದರೆ ಅದು ಹಿಡಿಯುವುದೇ ಇಲ್ಲ. ಬಿಗಿಯುವಾಗ ಧಡ್ ಎಂಬ ಸದ್ದು ಕೇಳುತ್ತದೆ. ಆ ಸದ್ದಿಗೆ ಹೆದರಿ ಆಕ್ಸಿಲರೇಟರ್ ಬಿಟ್ಟವರ ಗಾಡಿ ಅಲ್ಲೇ ಉಳಿಯುತ್ತದೆ, ಸ್ವಲ್ಪ ಒತ್ತಿದವರದ್ದು ಹೊರಬರುತ್ತದೆ.

ಲಾಕ್ ಇಲ್ಲದ ಬೊಲೆರೊ ಪಿಕಪ್ಪಿನವರ ಬಳಿ ಎರಡು ಉಪಾಯಗಳಿವೆ. ಹಿಂದಿನ ಅಚ್ಚಿನ ನೇರಕ್ಕೆ ತೊಟ್ಟಿಯಲ್ಲಿ ನಾಲ್ಕಾರು ಮರಳಿನ ಮೂಟೆ ಹಾಕುವುದು ಒಂದು. ಹ್ಯಾಂಡ್‌ಬ್ರೇಕನ್ನು ಒಂದೆರಡು ಹಲ್ಲು ಮಾತ್ರ ಎಳೆದು ನಿಧಾನಕ್ಕೆ ಆಕ್ಸಿಲರೇಟರ್ ಕೊಡುವುದು ಇನ್ನೊಂದು. ಎರಡನೆಯದು ಸುತ್ತುವ ಚಕ್ರಕ್ಕೆ ತಡೆ ಒಡ್ಡುತ್ತದೆ. ಅದು 50ರ ಬದಲು 150 ಕಿಲೋ ಬೇಡುವಂತಾದರೆ ಡಿಫರೆನ್ಶಿಯಲ್ ಪಕ್ಕದ ಚಕ್ರಕ್ಕೂ ಅಷ್ಟನ್ನೇ ಕೊಡಬೇಕಾಗುತ್ತದೆ. ಲಕ್ಷಗಟ್ಟಲೆ ಬೆಲೆಯ ಗಾಡಿಗಳ ಗಣಕ ಮಾಡುವುದೂ ಇದನ್ನೇ, ಸುತ್ತುವ ಒಂದೇ ಚಕ್ರದ ಬ್ರೇಕನ್ನು ಆರಿಸಿ ಹಿಡಿಯುತ್ತದೆ ಅಷ್ಟೇ. ಕಾಲು ಗಂಟೆ ಎಡೆಬಿಡದೆ ಹೀಗೆ ಮಾಡಿದರೆ ಎರಡರಲ್ಲೂ ಬ್ರೇಕು ಕಾಯುತ್ತದೆ.

ಬಾಳಿಕೆಯ ಮಾತಿಗೆ ಬಂದರೆ, ಇಷ್ಟು ವರ್ಷ ಕೇಳಿ ನೋಡಿದ ಮೇಲೆ ನನ್ನ ತೀರ್ಮಾನ ಹೀಗಿದೆ: ಪಿಕಪ್ಪಿನ ಆಯಸ್ಸನ್ನು ಕಂಪನಿಯ ಹೆಸರಿಗಿಂತ ಹೆಚ್ಚಾಗಿ ನಿರ್ಧರಿಸುವುದು ತೊಟ್ಟಿಯ ಮೇಲಿನ ಭಾರ. ಚಕ್ರದ ಒಳಗಿನ ರೋಲರ್ ಬೇರಿಂಗಿನ ಬಾಳಿಕೆಗೆ ಎಂಜಿನಿಯರುಗಳು ಬಳಸುವ ಸೂತ್ರವೊಂದಿದೆ, 1940ರ ದಶಕದಲ್ಲಿ ಸ್ವೀಡನ್ನಿನ ಲುಂಡ್‌ಬರ್ಗ್ ಮತ್ತು ಪಾಮ್‌ಗ್ರೆನ್ ಕೊಟ್ಟ ಬುನಾದಿಯದು. ಅದರ ಪ್ರಕಾರ ಭಾರ ದುಪ್ಪಟ್ಟಾದರೆ ಬೇರಿಂಗಿನ ಆಯಸ್ಸು ಅರ್ಧವಾಗುವುದಿಲ್ಲ, ಹತ್ತನೇ ಒಂದಕ್ಕೆ ಇಳಿಯುತ್ತದೆ. ಬೇರಿಂಗಿನ ಮೇಲಿನ ಭಾರ ಒಂದೂವರೆ ಪಟ್ಟಾದರೂ ಸಾಕು, ಉಳಿಯುವುದು ನಾಲ್ಕನೇ ಒಂದು ಭಾಗ. ಹೆಚ್ಚು ಭಾರ ತಾಳಲೆಂದು ಕಮಾನಿಗೆ ಒಂದು ಪಟ್ಟಿ ಹೆಚ್ಚಿಗೆ ಹಾಕಿಸುವುದು ನಮ್ಮಲ್ಲಿ ರೂಢಿ. ಅದರಿಂದ ಕಮಾನು ಬಗ್ಗದೆ ನಿಲ್ಲುತ್ತದೆ ನಿಜ. ಆದರೆ ಬೇರಿಂಗಿಗೆ, ಅಚ್ಚಿಗೆ, ಬ್ರೇಕಿಗೆ ಯಾರೂ ಪಟ್ಟಿ ಸೇರಿಸಿಲ್ಲ. ಗಾಡಿ ನೆಟ್ಟಗೆ ನಿಂತಿರುವುದರಿಂದ ಎಷ್ಟು ಹೇರಿದ್ದೇವೆಂಬುದು ಕಣ್ಣಿಗೂ ತಿಳಿಯುವುದಿಲ್ಲ. ಬರಿಗಾಡಿಯಲ್ಲಿ ಆ ಗಟ್ಟಿ ಕಮಾನು ಪ್ರತಿ ಹಂಪಿನ ಮೇಲೂ ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ಕುಕ್ಕುತ್ತದೆ. ಗಾಳಿಯಲ್ಲಿ ಸುತ್ತಿದ ಚಕ್ರ ಥಟ್ಟನೆ ನೆಲ ಹಿಡಿದಾಗ ಕ್ರೌನ್ ಪಿನಿಯನ್ನಿನ ಹಲ್ಲಿಗೆ ಸುತ್ತಿಗೆಯ ಪೆಟ್ಟು.

ಹೊಸ ಪಿಕಪ್ಪುಗಳಲ್ಲಿ ಗೇರಿಗಿಂತ ಮೊದಲು ತೊಂದರೆ ಕೊಡುವುದು ಹೊಗೆಕೊಳವೆ. 2020ರ ಏಪ್ರಿಲ್ 1ರಿಂದ ಬಿಎಸ್6 ನಿಯಮ ಬಂದಿತು. ಆಮೇಲೆ ಬಂದ ಡೀಸೆಲ್ ಪಿಕಪ್ಪುಗಳ ಹೊಗೆಯ ದಾರಿಯಲ್ಲಿ ಮಸಿ ಹಿಡಿಯುವ ಜರಡಿ ಇದೆ, ಡಿಪಿಎಫ್. ಹಿಡಿದ ಮಸಿಯನ್ನು ಆಗಾಗ ಸುಡಬೇಕು, ಅದಕ್ಕೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬೇಕು. ಹೆಬ್ಬಾಳದ ದಟ್ಟಣೆಯಲ್ಲಿ ತೆವಳುವ ಗಾಡಿಯ ಹೊಗೆ ಅಷ್ಟು ಕಾಯುವುದಿಲ್ಲ. ಸುಡುವ ಕೆಲಸ ಶುರುವಾದಾಗಲೇ ಮನೆ ಬಂತೆಂದು ಕೀಲಿ ತಿರುಗಿಸಿದರೆ ಅರ್ಧಕ್ಕೇ ನಿಲ್ಲುತ್ತದೆ. ಹೀಗೆ ನಾಲ್ಕಾರು ಬಾರಿ ಆದರೆ ದೀಪ ಹೊತ್ತಿಕೊಳ್ಳುತ್ತದೆ. ಆಗ ದೇವನಹಳ್ಳಿಯ ಕಡೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿ ಬಂದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಎಲ್ಲ ಕಾಲಕ್ಕೂ ಅಲ್ಲ. ಆಸ್ಟ್ರೇಲಿಯಾದಲ್ಲಿ 2015ರಿಂದ 2020ರವರೆಗೆ ಮಾರಿದ ಹೈಲಕ್ಸ್, ಫಾರ್ಚೂನರ್, ಪ್ರಾಡೊ ಗಾಡಿಗಳಲ್ಲಿ ಹೆದ್ದಾರಿಯ ವೇಗದಲ್ಲೇ ಈ ಜರಡಿ ಸರಿಯಾಗಿ ಶುದ್ಧವಾಗುತ್ತಿರಲಿಲ್ಲ. ಅದು ವಿನ್ಯಾಸದ ದೋಷವೆಂದು ಅಲ್ಲಿನ ಫೆಡರಲ್ ನ್ಯಾಯಾಲಯ 2022ರಲ್ಲಿ ಹೇಳಿತು. ಎಂದೂ ಕೆಡದ ಗಾಡಿ ಎಂದು ಲೋಕವೆಲ್ಲ ಹೊಗಳುವ ಹೆಸರಿನ ಕಥೆಯೂ ಇದೇ. ಅಚ್ಚು, ಗೇರು, ಚಾಸಿ ಗಟ್ಟಿಯಾಗಿಯೇ ಉಳಿದವು, ಸೋತದ್ದು ಹೊಗೆ ಸೋಸುವ ಭಾಗ.

ನೀರಿನ ವಿಷಯ ಹೇಳದೆ ಬಿಡಲಾಗದು. 2024ರ ಅಕ್ಟೋಬರ್ ಮಳೆಗೆ ಯಲಹಂಕದ ಕೇಂದ್ರೀಯ ವಿಹಾರ ಜಲಾವೃತವಾಗಿ ನಿವಾಸಿಗಳನ್ನು ದೋಣಿಗಳಲ್ಲಿ ಕರೆತರಬೇಕಾಯಿತು. ಅಂಥ ದಿನ ಎತ್ತರದ ಗಾಡಿ ಇರುವವರಿಗೆ ಧೈರ್ಯ ಹೆಚ್ಚು. ಹೈಲಕ್ಸ್ 700 ಮಿಲಿಮೀಟರ್ ನೀರು ದಾಟಬಲ್ಲದು ಎಂದು ಕಂಪನಿ ಹೇಳುತ್ತದೆ. ಅದು ನಡಿಗೆಯ ವೇಗದಲ್ಲಿ, ತಳ ಕಾಣದ ಗುಂಡಿ ಇಲ್ಲದ ಕಡೆ ಎಂದು ಓದಿಕೊಳ್ಳಬೇಕು. ಕಣ್ಣಿಗೆ ಕಾಣದ ಹಾನಿ ಅಚ್ಚಿನೊಳಗೆ ಆಗುತ್ತದೆ. ಓಡಿ ಬಿಸಿಯಾದ ಹೌಸಿಂಗು ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಹೀರುತ್ತದೆ. ಅದಕ್ಕೆಂದೇ ಮೇಲೊಂದು ಉಸಿರುಕೊಳವೆ ಇರುತ್ತದೆ. ಅದರ ಬಾಯಿ ಮಣ್ಣಿನಿಂದ ಕಟ್ಟಿದ್ದರೆ ಗಾಳಿಯ ಬದಲು ಎಣ್ಣೆ ಸೀಲಿನ ಅಂಚಿನಿಂದ ನೀರು ಒಳಗೆ ಹೋಗುತ್ತದೆ. ಎರಡು ತಿಂಗಳಾದ ಮೇಲೆ ಹಲ್ಲುಗಳು ಗೊರಗುಟ್ಟಲು ಶುರುವಾದಾಗ ಆ ಮಳೆಯ ನೆನಪು ಯಾರಿಗೂ ಇರುವುದಿಲ್ಲ. ಮೊಣಕಾಲು ಮಟ್ಟದ ನೀರು ದಾಟಿದ ವಾರವೇ ಹೌಸಿಂಗಿನ ಬಿರಡೆ ಬಿಚ್ಚಿಸಿ ಎಣ್ಣೆ ನೋಡಿಸಿ. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಸೇರಿದೆ, ಅಂದೇ ಬದಲಾಯಿಸಿ.

ತಿಂಗಳ ಆ 16 ಕಿಲೋಮೀಟರನ್ನು ಎಲ್ಲಿ ಓಡಿಸುವುದು ಎಂದು ನಗರದವರು ಕೇಳುತ್ತಾರೆ. ದೊಡ್ಡಬಳ್ಳಾಪುರ ರಸ್ತೆಯಿಂದ ಒಳಗೆ ಹೋದರೆ ಈಗಲೂ ಮಣ್ಣಿನ ದಾರಿಗಳಿವೆ. ಅಲ್ಲಿ ಎಚ್4 ಹಾಕಿ, ನೆಟ್ಟಗೆ ಓಡಿಸಿ. ಗಾಡಿ ನಿಲ್ಲಿಸಿ ನ್ಯೂಟ್ರಲ್‌ಗೆ ತಂದು, ನಿಧಾನ ಗೇರಿನ ಫೋರ್‌ವೀಲ್ ಆದ ಎಲ್4ನ್ನೂ ಒಮ್ಮೆ ಹಾಕಿ ತೆಗೆಯಿರಿ. ಹಿಂದಿರುಗುವಾಗ ಡಾಂಬರು ಸಿಗುವ ಮುಂಚಿನ ಹತ್ತು ಮೀಟರ್ ಮಣ್ಣಿನಲ್ಲೇ ಡಯಲ್ಲನ್ನು ಎಚ್2ಕ್ಕೆ ತಿರುಗಿಸಿ, ದೀಪ ಆರಿದ್ದನ್ನು ನೋಡಿಕೊಂಡೇ ಮುಖ್ಯರಸ್ತೆಗೆ ಬನ್ನಿ.